ಐತ್ವಾರದ ಹಾಜರಿ

ಐತ್ವಾರ ಬೆಳಿಗ್ಗೆ ಹುಬ್ಬಳ್ಳಿಯ ದುರ್ಗದಬೈಲಿಗೆ ಅವಸರವಿರುವುದಿಲ್ಲ. ಹಿಂದಿನ ರಾತ್ರಿ ಗಿರಮಿಟ್ಟು, ಮಿರ್ಚಿ ಭಜಿ ಮಾರಿದ ಗಾಡಿಗಳು ಗೋಡೆಗೆ ಒರಗಿಕೊಂಡಿರುತ್ತವೆ. ಬಟ್ಟೆ ಅಂಗಡಿಗಳ ಶಟರ್ ಅರ್ಧಕ್ಕೆ ಎತ್ತಿಟ್ಟು ಹುಡುಗರು ಕಸ ಹೊಡೆಯುತ್ತಿರುತ್ತಾರೆ. ಹೂವು, ಹಣ್ಣಿನವರು ಮಾತ್ರ ಆಗಲೇ ಬುಟ್ಟಿ ಬಿಚ್ಚಿ ಕೂತಿರುತ್ತಾರೆ. ಇನ್ನೆರಡು ತಾಸು ಕಳೆದರೆ ಇಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಆ ಎರಡು ತಾಸಿನೊಳಗೇ ಇಸ್ತ್ರಿ ಸೀರೆಯ ಹೆಂಗಸರು, ತುಂಬುತೋಳಿನ ಅಂಗಿಯ ಗಂಡಸರು, ಕಂಕುಳಲ್ಲಿ ಸತ್ಯವೇದ ಮತ್ತು ಹಾಡಿನ ಪುಸ್ತಕ ಇಟ್ಟುಕೊಂಡು ಘಂಟಿಕೇರಿಯ ಕಡೆಗೆ ಹೊರಟಿರುತ್ತಾರೆ. ಅಲ್ಲಿ ಮೇಯರ್ ಮೆಮೋರಿಯಲ್ ಚರ್ಚ್ ಇದೆ. ಊರಿನ ಹಿರಿಯರ ಬಾಯಲ್ಲಿ ಅದು ಇನ್ನೂ ಬಾಸೆಲ್ ಮಿಶನ್ ಚರ್ಚು.

ಈ ಮನೆಗಳಲ್ಲಿ ನಾಷ್ಟಾದ ಹೊತ್ತಿಗೆ ಏಳುವ ಜಗಳವೊಂದಿದೆ. ಮೊಮ್ಮಗಳು ಕಾಲೇಜಿನವರ ಜತೆ ರಕ್ತದಾನ ಶಿಬಿರಕ್ಕೆ ಹೊರಟಿರುತ್ತಾಳೆ, ಇಲ್ಲವೇ ಮೊಮ್ಮಗ ಝೋಪಡಪಟ್ಟಿಯ ಹುಡುಗರಿಗೆ ಗಣಿತ ಹೇಳಿಕೊಡಲು ತಯಾರಾಗಿರುತ್ತಾನೆ. "ಆರಾಧನಿ ಬಿಟ್ಟು ಅದೆಂಥಾ ಸೇವಾ?" ಎಂದು ಅಜ್ಜಿಯ ತಕರಾರು. "ಎರಡು ತಾಸು ಕೂತು ಹಾಡಿ ಬಂದ್ರ ಯಾರ ಹೊಟ್ಟಿ ತುಂಬತೈತಿ ಅಜ್ಜೀ?" ಎಂದು ಇವರ ಉತ್ತರ. ಇಬ್ಬರೂ ಸತ್ಯವೇದವನ್ನೇ ಸಾಕ್ಷಿಗೆ ಕರೆಯುತ್ತಾರೆ. ಒಟ್ಟಾಗಿ ಕೂಡುವುದನ್ನು ಬಿಡಬೇಡಿರೆಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ ಎಂದು ಅಜ್ಜಿ. ನ್ಯಾಯವಿಲ್ಲದ ಕಡೆ ನಡೆಯುವ ಹಬ್ಬ, ಹಾಡುಗಳಿಂದ ದೇವರಿಗೆ ಬೇಸರ ಬಂದಿದೆ ಎಂದು ಆಮೋಸನೂ ಯೆಶಾಯನೂ ಗದರಿದ್ದನ್ನು ಎತ್ತಿಕೊಂಡು ಮೊಮ್ಮಗ. ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯವಂತೂ ಇಬ್ಬರಿಗೂ ಬೇಕು. ದಾರಿಯಲ್ಲಿ ಬಿದ್ದ ಗಾಯಾಳುವನ್ನು ಯಾಜಕನೂ ಲೇವಿಯೂ ದಾಟಿ ಹೋದ ಮೇಲೆ ಸಮಾರ್ಯದವನೊಬ್ಬ ಎತ್ತಿಕೊಂಡ ಕಥೆ ಅಲ್ಲಿದೆ. ಅದು ಮುಗಿದ ಕೂಡಲೇ, ಅಡುಗೆ ಕೆಲಸದಲ್ಲಿ ಮುಳುಗಿದ ಮಾರ್ಥಳಿಗಿಂತ ಯೇಸುವಿನ ಪಾದದ ಬಳಿ ಕೂತು ಕೇಳಿದ ಮರಿಯಳೇ ಒಳ್ಳೆಯದನ್ನು ಆರಿಸಿಕೊಂಡಳು ಎಂಬ ಕಥೆ ಬರುತ್ತದೆ. ಲೂಕ ಇವೆರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಿದ್ದಾನೆ. ಪ್ರಸಂಗಪೀಠ ಹತ್ತಿದವರು ತಮಗೆ ಬೇಕಾದ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಮುಂದಿನ ವಾರಕ್ಕೆ ಬಿಡುವುದು ವಾಡಿಕೆ.

ಆರಾಧನೆಯನ್ನೂ ಸೇವೆಯನ್ನೂ ತಕ್ಕಡಿಯ ಎರಡು ತಟ್ಟೆಗೆ ಹಾಕಿ ತೂಗುವ ರೂಢಿ ನನಗೆ ಒಪ್ಪಿಗೆಯಾಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಸಭೆಗಳ ಚರಿತ್ರೆ ತಿರುವಿ ನೋಡಿದರೆ ಕಾಣುವುದು ಬೇರೆ. ಬೆಂಚಿನ ಮೇಲೆ ಯಾರ ಜಾಗ ಖಾಲಿಯಿದೆ ಎಂದು ಪಕ್ಕದವರಿಗೆ ಗೊತ್ತಾಗುತ್ತಿದ್ದಷ್ಟು ಕಾಲ ಸೇವೆಗೆ ಬೇರೆ ಸಮಿತಿ ಬೇಕಾಗಿರಲಿಲ್ಲ. ಸೇವೆ ಕಟ್ಟಡವಾಗಿ, ಪಗಾರದ ಕೆಲಸವಾಗಿ ಬೇರೆ ಕಾಂಪೌಂಡಿಗೆ ಹೋದ ಮೇಲೆಯೇ ಈ ಜಗಳ ಜೋರಾದದ್ದು.

ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ಅದರ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಘಟ್ಟ ಹತ್ತಿ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು, ಪಯಟಿಸ್ಟ್ ಪಂಥದವರು. ಆ ಪಂಥದ ಭಕ್ತಿ ಕುದುರಿದ್ದು ದೊಡ್ಡ ಚರ್ಚುಗಳಿಗಿಂತ ಹೆಚ್ಚಾಗಿ ಮನೆಯ ಪಡಸಾಲೆಯಲ್ಲಿ ಹತ್ತಿಪ್ಪತ್ತು ಜನ ಕೂತು ವೇದ ಓದಿ, ಒಬ್ಬರಿಗೊಬ್ಬರು ಕಷ್ಟ ಹೇಳಿಕೊಂಡು ಪ್ರಾರ್ಥಿಸುವ ಚಿಕ್ಕ ಕೂಟಗಳಲ್ಲಿ. ಅದೇ ಪಂಥದ ಇನ್ನೊಂದು ಮುಖ ಅನಾಥಾಲಯ. ಜರ್ಮನಿಯ ಹಾಲೆಯಲ್ಲಿ ಆಗಸ್ಟ್ ಹರ್ಮನ್ ಫ್ರಾಂಕೆ 1695ರಲ್ಲಿ ಬಡಮಕ್ಕಳಿಗೆಂದು ಶಾಲೆ ತೆರೆದು, ಅಲ್ಲಿಂದ ಅನಾಥಾಲಯ, ಔಷಧಿ ಅಂಗಡಿ, ಮುದ್ರಣಾಲಯ ಎಂದು ಬೆಳೆಸುತ್ತ ಹೋದರು. ಈ ಜನಕ್ಕೆ ಪ್ರಾರ್ಥನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಎಂಬ ಲೆಕ್ಕ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎಂದ ಮಾತ್ರಕ್ಕೆ ಎಡವಲಿಲ್ಲ ಎಂದಲ್ಲ. ಹುಬ್ಬಳ್ಳಿ ಸೀಮೆಯಲ್ಲಿ ಕಾಲಜ್ಞಾನವನ್ನು ನಂಬಿದ್ದ ಕೆಲವರು ಮಿಶನರಿಗಳ ಹತ್ತಿರ ಬಂದು ಹೋದಾಗ, ಸಾವಿರಗಟ್ಟಲೆ ಜನ ತಮ್ಮ ಕಡೆ ಬಂದೇಬಿಡುತ್ತಾರೆ ಎಂಬ ಆಸೆ ಹುಟ್ಟಿತು. ಮುಂದೆ 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೋಗ್ಲಿಂಗರಿಗೂ ಆ ಆಸೆ ಇತ್ತು. ಗದಗ ಹತ್ತಿರದ ಮಲಸಮುದ್ರದಲ್ಲಿ ಭೂಮಿ ಹಿಡಿದು, ಬರುವವರಿಗೆ ಒಕ್ಕಲುತನದ ಊರನ್ನೇ ಕಟ್ಟಿಕೊಡುವ ಹಂಚಿಕೆ ನಡೆಯಿತು. ಭೂಮಿ ಬಂತು, ಯುರೋಪಿನಿಂದ ಆಳೂ ಬಂದರು. ಬರಬೇಕಾದ ಜನ ಬರಲಿಲ್ಲ. ಸಭೆಯೇ ಇಲ್ಲದ ಕಡೆ ಸೇವೆಗೆ ಮೊದಲು ಅಡಿಪಾಯ ಹಾಕಿದ್ದರು.

ಕರಾವಳಿಯಲ್ಲಿ ಆದದ್ದು ಇದರ ತಿರುಗುಮುರುಗು. ಅಲ್ಲಿ ಜನ ಬಂದರು. ಬಂದವರ ಮನೆ, ಹೊಲ, ಕುಲಕಸುಬು ಹೋದವು. ಉಣ್ಣಲು ದಾರಿ ಮಾಡದೆ ಪ್ರಸಂಗ ಮಾಡಿ ಫಲವಿಲ್ಲವೆಂದು ಮಂಗಳೂರಿನಲ್ಲಿ 1851ರಲ್ಲಿ ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾದವು. ಬೆಳಗಿನ ಪಾಳಿಗೆ ಮೊದಲು ಪ್ರಾರ್ಥನೆ, ಐತ್ವಾರ ಕಡ್ಡಾಯ ರಜೆ. ಉದ್ಯೋಗ ಕೊಟ್ಟವರು, ಮನೆ ಕೊಟ್ಟವರು, ಪ್ರಸಂಗ ಮಾಡುವವರು, ಕುಡಿದು ಬಂದರೆ ಕರ್ತನ ಭೋಜನದಿಂದ ಹೊರಗಿಡುವವರು ಎಲ್ಲರೂ ಒಬ್ಬರೇ ಆಗಿಬಿಟ್ಟರು. ಬಾಸೆಲಿನಿಂದ ಇನ್ಸ್‌ಪೆಕ್ಟರ್ ಯೋಸೆನ್‌ಹಾನ್ಸ್ 1851-52ರಲ್ಲಿ ಇಲ್ಲಿಗೆ ಬಂದು ಸಭೆಗಳನ್ನು ಸುತ್ತಿ ನೋಡಿ, ನಿಯಮಗಳನ್ನು ಬಿಗಿ ಮಾಡಿ ಹೋದರು. ಅಂಥ ಕಡೆ ಬೆಂಚು ತುಂಬಿದ್ದು ಭಕ್ತಿಯಿಂದಲೋ ಪಗಾರದಿಂದಲೋ ಎಂದು ಹೇಳುವುದು ಕಷ್ಟ. ಮಿಶನ್ನಿನೊಳಗೇ ಈ ಅನುಮಾನವನ್ನು ಎತ್ತಿದವರಿದ್ದರು.

ನಮ್ಮ ಕಡೆ ಕರಾವಳಿಯಂಥ ಹೆಂಚಿನ ಕಾರ್ಖಾನೆಗಳ ಸಾಲು ಬೆಳೆಯಲಿಲ್ಲ. ಇಲ್ಲಿ ಬಂದದ್ದು ಬರ. 1876ರಿಂದ 1878ರವರೆಗಿನ ಆ ಬರ ಧಾರವಾಡ, ವಿಜಾಪುರ, ಬಳ್ಳಾರಿ ಸೀಮೆಗಳನ್ನು ಬರಿದು ಮಾಡಿತು. ಮಿಶನ್ ಠಾಣ್ಯಗಳ ಬಾಗಿಲಿಗೆ ಬಂದು ಬಿದ್ದ ಮಕ್ಕಳನ್ನು ಒಳಗೆ ತೆಗೆದುಕೊಂಡವರು ಯಾವ ಆರಾಧನೆಯ ಹಾಜರಿಯನ್ನೂ ಕೇಳುವಂತಿರಲಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಕ್ರೈಸ್ತ ಮನೆತನಗಳ ಮೂಲ ಹುಡುಕಿಕೊಂಡು ಹೋದರೆ ಹೆಸರಿಲ್ಲದ ಒಬ್ಬ ಬರದ ಕೂಸಿನ ಹತ್ತಿರ ನಿಲ್ಲಬೇಕಾಗುತ್ತದೆ. ಶಾಲೆಯ ಕಥೆಯೂ ಹಾಗೆಯೇ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಮಹಾರ ಜಾತಿಯ ಹುಡುಗನೊಬ್ಬ ಸೇರಲು ಹೋದಾಗ ಒಳಗೆ ಬಿಡಲಿಲ್ಲ. ಆ ಅರ್ಜಿ ಮುಂಬಯಿ ಸರಕಾರವನ್ನು ದಾಟಿ ಲಂಡನ್ನಿನವರೆಗೂ ಹೋಯಿತು. ಅಂಥ ಊರಿನಲ್ಲಿ ಯಾರ ಮಗ ಯಾರ ಪಕ್ಕ ಕೂರುತ್ತಾನೆ ಎಂಬುದೇ ಒಂದು ಸೇವೆ, ಅದು ಶಾಲೆಯ ಬೆಂಚಾಗಲಿ ಚರ್ಚಿನ ಬೆಂಚಾಗಲಿ.

ಹಾಜರಿಯ ಮಾತು ಬಂದಾಗ ಹುಬ್ಬಳ್ಳಿಯ ಸೆಟ್ಲಮೆಂಟನ್ನು ಬಿಟ್ಟು ಮುಂದೆ ಹೋಗಲಾಗದು. ಈಗಿನ ಗಂಗಾಧರನಗರ, ಆಟೋದವರಿಗೆ ಸೆಟ್ಲಮೆಂಟ್ ಎಂದರೆ ಬೇಗ ತಿಳಿಯುತ್ತದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಬಿಟ್ಟಿತು. ಮುಂಬಯಿ ಪ್ರಾಂತದಲ್ಲಿ ಅಂಥವರನ್ನು ಒಂದು ಕಡೆ ಇಟ್ಟು ದುಡಿಸಿ 'ಸುಧಾರಿಸುವ' ವಸಾಹತುಗಳನ್ನು ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ಕಟ್ಟಿಸಿದ. ಹುಬ್ಬಳ್ಳಿಯದನ್ನು 1920ರ ಆಸುಪಾಸಿನಲ್ಲಿ ನಡೆಸಲು ಒಪ್ಪಿಕೊಂಡದ್ದು ಬಾಸೆಲಿನವರಲ್ಲ, ಇಂಗ್ಲೆಂಡಿನ ಆಂಗ್ಲಿಕನ್ ಸಂಸ್ಥೆ ಎಸ್‌ಪಿಜಿ. ಶಾಲೆ, ಔಷಧಿ, ಕೈಕಸುಬು, ಗಿರಣಿಯ ಕೆಲಸ ಎಲ್ಲವನ್ನೂ ಮಿಶನರಿಗಳು ನೋಡಿಕೊಂಡರು. ಊರು ಬಿಟ್ಟು ಬಂದು ಈ ಕೆಲಸಕ್ಕೆ ಆಯುಷ್ಯ ಕೊಟ್ಟವರ ತ್ಯಾಗ ಸಣ್ಣದಲ್ಲ. ಆದರೆ ವಸಾಹತಿಗೆ ಬೇಲಿಯಿತ್ತು, ಹೊರಗೆ ಹೋಗಲು ಪಾಸು ಬೇಕಿತ್ತು, ಹೊತ್ತುಹೊತ್ತಿಗೆ ಹಾಜರಿ ಕೂಗುತ್ತಿದ್ದರು. ಹಾಜರಿಗೆ ಇಲ್ಲದವನನ್ನು ಹುಡುಕಿಕೊಂಡು ಹೋಗುತ್ತಿದ್ದವರು ಪೊಲೀಸರು.

ಇದನ್ನು ಓದುವಾಗ ನನಗೆ ಸಿಟ್ಟೂ ಬರುತ್ತದೆ, ಗೊಂದಲವೂ ಆಗುತ್ತದೆ. ಅಕ್ಷರ ಕಲಿಸಿದ ಕೈಯೇ ಬೀಗದ ಕೈಯನ್ನೂ ಇಟ್ಟುಕೊಂಡಿತ್ತು. ಕಾಯ್ದೆ ರದ್ದಾದದ್ದು 1952ರಲ್ಲಿ. ಸೇವೆ ಎಂದು ಚರ್ಚು ಕೈಹಾಕುವ ಕೆಲಸ ಯಾರ ಅಧಿಕಾರದ ಅಡಿಯಲ್ಲಿ ನಡೆಯುತ್ತಿದೆ, ಸೇವೆ ಪಡೆಯುವವನಿಗೆ ಬೇಡ ಎನ್ನುವ ಹಕ್ಕು ಇದೆಯೇ ಎಂದು ಕೇಳದೆ, ಎಷ್ಟು ಜನಕ್ಕೆ ಊಟ ಹಾಕಿದೆವು ಎಂದು ವರದಿ ಬರೆಯುವವರು ಒಮ್ಮೆ ಆ ಓಣಿಯಲ್ಲಿ ಅಡ್ಡಾಡಿ ಬರಬೇಕು. ಅಲ್ಲಿನ ಮೊಮ್ಮಕ್ಕಳು ಈಗ ಓದಿ ನೌಕರಿಯಲ್ಲಿದ್ದಾರೆ. ವಿಳಾಸ ಹೇಳುವಾಗ ಮಾತ್ರ ಇನ್ನೂ ಅಳುಕುವವರಿದ್ದಾರೆ.

ಇದೇ ಕಾಲದಲ್ಲಿ, ಇದೇ ಸೀಮೆಯಲ್ಲಿ, ಬಾಸೆಲ್ ಮಿಶನ್ನಿನ ಪಾಳಕರೊಬ್ಬರು ಬೇರೊಂದು ದಾರಿ ಹಿಡಿದಿದ್ದರು. ಉತ್ತಂಗಿ ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಸುವಾರ್ತೆ ಸಾರಲು ಹಳ್ಳಿಯಿಂದ ಹಳ್ಳಿಗೆ ತಿರುಗುವಾಗ ಅವರು ಜನರ ಬಾಯಲ್ಲಿದ್ದ ಸರ್ವಜ್ಞನ ವಚನಗಳನ್ನು ಬರೆದುಕೊಂಡರು, ಓಲೆಗರಿ ಹುಡುಕಿದರು. 1924ರಲ್ಲಿ ಆ ಸಂಗ್ರಹ ಅಚ್ಚಾಯಿತು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಕರೆದರು. ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ತಕರಾರು ಎದ್ದಾಗ ಅದು ಇತ್ತು ಎಂದು ವಾದಿಸಿ ಪುಸ್ತಕ ಬರೆದವರೂ ಈ ಕ್ರೈಸ್ತ ಪಾಳಕರೇ. ಕನ್ನಡಕ್ಕೆ ಅವರು ಮಾಡಿದ್ದು ಸೇವೆಯಲ್ಲದೆ ಇನ್ನೇನು? ಆದರೆ ಅವರ ಕಾಲದ ಯಾವ ಸಭಾ ವರದಿಯ ಯಾವ ಶೀರ್ಷಿಕೆಯಡಿ ಅದನ್ನು ಸೇರಿಸಬೇಕಿತ್ತು? ಅವರಿಗಿಂತ ಮೊದಲು ಅದೇ ಮಿಶನ್ನಿನ ಕಿಟ್ಟೆಲರಿಗೂ ಇದೇ ಪೇಚು ಬಂದಿತ್ತು. 1853ರಲ್ಲಿ ಬಂದ ಮನುಷ್ಯ ಪ್ರಸಂಗ ಬಿಟ್ಟು ಪದ, ಛಂದಸ್ಸು ಎಂದು ಕೂತದ್ದು ಅವರ ಜತೆಯವರಲ್ಲಿ ಹಲವರಿಗೆ ಹಿಡಿಸಿರಲಿಲ್ಲ. 1894ರಲ್ಲಿ ನಿಘಂಟು ಬಂದ ಮೇಲೆ ಎಲ್ಲರೂ ನಮ್ಮ ಕಿಟ್ಟೆಲ್ ಎಂದರು.

ಉತ್ತಂಗಿಯವರು ಓದಿದ ಶರಣರಲ್ಲಿಯೇ ಈ ಜಗಳಕ್ಕೆ ಕ್ರೈಸ್ತರು ಕೇಳಬೇಕಾದ ಒಂದು ಉತ್ತರವಿದೆ. ಕಾಯಕದಲ್ಲಿ ತೊಡಗಿರುವಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಎಂಬ ಅರ್ಥದ ಮಾತನ್ನು ಆಯ್ದಕ್ಕಿ ಮಾರಯ್ಯ ಆಡಿದ್ದಾನೆ. ಇಷ್ಟನ್ನೇ ಹಿಡಿದು ಚಪ್ಪಾಳೆ ತಟ್ಟುವವರು ಬಹಳ. ಅದೇ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ, ನಮಗೆ ಇಷ್ಟೇಕೆ, ಇದು ಭಕ್ತಿಯೋ ಆಸೆಯೋ ಎಂದು ಕೇಳಿ ಹಿಂದಕ್ಕೆ ಕಳಿಸಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಕಾಯಕದಲ್ಲಿದ್ದವನನ್ನು ತಡೆದು ಕೇಳಲು ಮನೆಯಲ್ಲಿ ಒಬ್ಬಳಿದ್ದಳು. ಸೇವೆ ಸೇವೆ ಎಂದು ಒಬ್ಬನೇ ಓಡುವವನಿಗೆ ಆ ಒಬ್ಬರು ಎಲ್ಲಿ ಸಿಗಬೇಕು? ಸಭೆಯಲ್ಲಿ ಕೂತರೆ ಸಿಗಬಹುದು.

ಕ್ರೈಸ್ತರ ಮೊದಲ ಸಭೆಯಲ್ಲೂ ಈ ತಕರಾರು ಬಂದಿತ್ತು, ಅದೂ ಊಟದ ಬಡಿಸುವಿಕೆಯಿಂದಲೇ. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ ಗ್ರೀಕು ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ಅನ್ಯಾಯವಾಗುತ್ತಿದೆ ಎಂಬ ದೂರು ಬರುತ್ತದೆ. ತಾವು ವಾಕ್ಯ ಬಿಟ್ಟು ಪಂಕ್ತಿಗೆ ನಿಲ್ಲುವುದು ಸರಿಯಲ್ಲವೆಂದು ಅಪೊಸ್ತಲರು ಹೇಳಿ, ಸಭೆಯವರು ಆರಿಸಿದ ಏಳು ಜನರನ್ನು ಆ ಕೆಲಸಕ್ಕೆ ಹಚ್ಚುತ್ತಾರೆ. ಇಲ್ಲಿಗೆ ಕೆಲಸ ಹಂಚಿಕೆಯಾಯಿತು, ಎಲ್ಲರೂ ಸುಖವಾಗಿದ್ದರು ಎಂದು ಕಥೆ ಮುಗಿಯಬೇಕಿತ್ತು. ಹಾಗಾಗುವುದಿಲ್ಲ. ಬಡಿಸಲು ನೇಮಿಸಿದವರಲ್ಲಿ ಸ್ತೆಫನ ಮುಂದಿನ ಅಧ್ಯಾಯದಲ್ಲೇ ಆ ಪುಸ್ತಕದ ಅತಿ ಉದ್ದದ ಪ್ರಸಂಗ ಮಾಡಿ ಕಲ್ಲೇಟಿಗೆ ಸಾಯುತ್ತಾನೆ. ಫಿಲಿಪ್ಪ ಸಮಾರ್ಯಕ್ಕೆ ಹೋಗಿ ಸಾರುತ್ತಾನೆ, ಇಥಿಯೋಪಿಯದ ಅಧಿಕಾರಿಯ ರಥ ಹತ್ತುತ್ತಾನೆ. ಅಡುಗೆಮನೆಯವರೆಂದು ಬರೆದಿಟ್ಟವರು ಅಡುಗೆಮನೆಯಲ್ಲಿ ಉಳಿಯಲಿಲ್ಲ. ಕ್ರಿ.ಶ. 155ರ ಹೊತ್ತಿಗೆ ಜಸ್ಟಿನ್ ಎಂಬವನು ರೋಮಿನ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ತಮ್ಮ ಐತ್ವಾರದ ಕೂಟ ಹೇಗೆ ನಡೆಯುತ್ತದೆ ಎಂದು ವಿವರಿಸಿದ್ದಾನೆ. ಓದು, ಬೋಧೆ, ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ. ಆಮೇಲೆ ಉಳ್ಳವರು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ. ಬರಲಾಗದವರಿಗೆ ಅವರ ಪಾಲಿನ ರೊಟ್ಟಿಯನ್ನು ಒಯ್ದು ಮುಟ್ಟಿಸುತ್ತಿದ್ದರಂತೆ. ಯಾರು ಬಂದಿಲ್ಲ ಎಂದು ಗೊತ್ತಿದ್ದರೆ ತಾನೆ ಒಯ್ಯಲಾಗುವುದು.

ಹುಬ್ಬಳ್ಳಿಯ ಕಡೆ ಇವೆರಡೂ ಒಂದೇ ಅಂಗಳದಲ್ಲಿ ಕಾಣುವುದು ಸುಗ್ಗಿ ಹಬ್ಬದ ದಿನ. ವೇದಿಯ ಮುಂದೆ ಜೋಳದ ತೆನೆ, ಕುಂಬಳಕಾಯಿ, ಬಾಳೆಗೊನೆ, ಪಾಕೀಟು ಅಕ್ಕಿ, ಡಜನ್ ಮೊಟ್ಟೆ, ಯಾರೋ ಮನೆಯಲ್ಲಿ ಮಾಡಿದ ಕೇಕು. ಹೊಲವಿಲ್ಲದ ನೌಕರದಾರರು ದುರ್ಗದಬೈಲಿನಲ್ಲಿ ಹಿಂದಿನ ಸಂಜೆ ಕೊಂಡ ಸೀತಾಫಲವನ್ನೇ ಬೆಳೆಯೆಂದು ತಂದಿಟ್ಟಿರುತ್ತಾರೆ. ದೇವರು ಬಿಲ್ಲು ಕೇಳುವುದಿಲ್ಲ. ಆರಾಧನೆ ಮುಗಿದ ಮೇಲೆ ಕಾಂಪೌಂಡಿನಲ್ಲಿ ಲಿಲಾವು. ಕಂಠ ಗಟ್ಟಿಯಿರುವ ಒಬ್ಬರು ಕುರ್ಚಿ ಹತ್ತುತ್ತಾರೆ. "ಒಂದನೇ ಸವಾಲ್... ಟೀಚರಮ್ಮಾರು ಇನ್ನೂರು ಅಂದಾರ... ಏನ್ರೀ ರೇಲ್ವೆದವರು, ಸುಮ್ಮನ ನಿಂತೀರಿ?" ಮೂವತ್ತು ರೂಪಾಯಿಯ ತೆಂಗಿನಕಾಯಿ ಐದುನೂರಕ್ಕೆ ಹೋಗುತ್ತದೆ. ಕೊಂಡವರು ಅದನ್ನು ಮನೆಗೆ ಒಯ್ಯದೆ ಮತ್ತೆ ಕುರ್ಚಿಯ ಮೇಲಿನವರ ಕೈಗೇ ಕೊಡುತ್ತಾರೆ, ಇನ್ನೊಮ್ಮೆ ಸವಾಲು. ಒಂದೇ ಕಾಯಿ ಮೂರು ಸಲ ಮಾರಾಟವಾದದ್ದೂ ಉಂಟು. ನಿವೃತ್ತ ಮಾಸ್ತರೊಬ್ಬರು ಹುಂಜಕ್ಕೆ ಸವಾಲು ಕೂಗಿ, ಗೆದ್ದ ಮೇಲೆ ಅದನ್ನು ಹಿಡಿದುಕೊಳ್ಳುವುದು ಹೇಗೆ ಎಂದು ತಿಳಿಯದೆ ನಿಲ್ಲುತ್ತಾರೆ. ನಗುವಿನ ನಡುವೆ ಯಾರೋ ಕೇಳುತ್ತಾರೆ: ಪ್ರತಿ ವರ್ಷ ಬೆಲ್ಲ ತರುತ್ತಿದ್ದ ಅಜ್ಜಾರು ಈ ಸಲ ಯಾಕೆ ಕಾಣಲಿಲ್ಲ? ಅವರಿಗೆ ಮೊಣಕಾಲಿನ ಆಪರೇಶನ್ ಆಗಿದೆ ಎಂದು ಒಬ್ಬರಿಗೆ ಗೊತ್ತಿರುತ್ತದೆ, ಆಸ್ಪತ್ರೆಯ ಬಿಲ್ಲು ಇನ್ನೂ ತುಂಬಿಲ್ಲ ಎಂದು ಇನ್ನೊಬ್ಬರಿಗೆ. ಲಿಲಾವಿನ ಹಣ ಎಲ್ಲಿಗೆ ಹೋಗಬೇಕು ಎಂಬುದರ ಅರ್ಧ ತೀರ್ಮಾನ ಅಲ್ಲೇ, ಹುಂಜದ ಗದ್ದಲದಲ್ಲಿ ಆಗಿರುತ್ತದೆ. ಬೇರೆ ಕಡೆಯೂ ಇಂಥದ್ದಿದೆ: ಮಿಜೋರಾಮಿನ ಹೆಂಗಸರು 1910ರಿಂದ ಪ್ರತಿ ಸಲ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಅಲ್ಲಿನ ಸಭೆಯನ್ನೇ ಸಾಕಿದ್ದಾರೆ. ಅದರ ಬೇರೂ ಅಡುಗೆಮನೆಯಲ್ಲಿಯೇ.

ಹಾಗಿದ್ದರೆ ಆರಾಧನೆ-ಸೇವೆಗಳ ನಂಟು ಸಡಿಲಾದದ್ದು ಎಲ್ಲಿ? 1914ರ ಯುದ್ಧ ಬಂದಾಗ ಜರ್ಮನ್ ಮಿಶನರಿಗಳು ಶತ್ರುದೇಶದವರೆಂದು ಸೆರೆಯಾದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು, ಸಭೆ ನಡೆಸುವ ಹೊಣೆ ಇಲ್ಲಿಯವರ ಮೇಲೆ ಬಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ ಹುಟ್ಟಿತು. ನಮ್ಮ ಕಡೆಯ ಬಾಸೆಲ್ ಸಭೆಗಳು ಅದಕ್ಕೆ ಸೇರಿದ್ದು 1968ರಲ್ಲಿ. ಈ ಕಾಲದುದ್ದಕ್ಕೂ ಶಾಲೆ, ಕಾಲೇಜು, ಹಾಸ್ಟೆಲು, ಆಸ್ಪತ್ರೆಗಳು ಬೆಳೆದವು. ಧಾರವಾಡದ ಬಾಸೆಲ್ ಮಿಶನ್ ಹೈಸ್ಕೂಲು, ಕಿಟ್ಟೆಲ್ ಹೆಸರಿನ ಕಾಲೇಜು, ಗದಗಿನವರು ಇನ್ನೂ ಜರ್ಮನ್ ಆಸ್ಪತ್ರೆ ಎನ್ನುವ ಬೆಟಗೇರಿಯ ಸಿಎಸ್ಐ ಆಸ್ಪತ್ರೆ. ಇವು ಊರಿಗೆ ಕೊಟ್ಟದ್ದನ್ನು ಯಾರೂ ಅಲ್ಲಗಳೆಯಲಾರರು. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ 1.87, ಅಂದರೆ ಈ ಶಾಲೆಗಳಲ್ಲಿ ಕಲಿತವರು, ಈ ಆಸ್ಪತ್ರೆಗಳಲ್ಲಿ ಹುಟ್ಟಿದವರು ಬಹುತೇಕ ಬೇರೆ ಮತದವರೇ. ಆದರೆ ಸಂಸ್ಥೆಗೆ ಆಡಳಿತ ಮಂಡಳಿ ಬಂತು, ಪಗಾರ ಬಂತು, ಅನುದಾನ ಬಂತು, ಕೋರ್ಟು ಕಚೇರಿಯೂ ಬಂತು. ಬೆಂಚಿನ ಮೇಲೆ ಕೂತವರಿಗೆ ಉಳಿದದ್ದು ಕಾಣಿಕೆ ಚೀಲ ಮುಂದೆ ಬಂದಾಗ ನೋಟು ಹಾಕುವುದು, ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುವುದು. ನಮ್ಮ ಪರವಾಗಿ ಸೇವೆ ನಡೆಯುತ್ತಿದೆ ಎಂಬ ಸಮಾಧಾನವೊಂದು ಬೆಳೆಯಿತು. ಆ ಸಮಾಧಾನವನ್ನು ನಂಬದ ಹರೆಯದವರು ಐತ್ವಾರ ಬೆಳಿಗ್ಗೆ ಬೇರೆ ಕಡೆ ಹೊರಟರು. ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಅವರು ಹೋಗುವ ಶಿಬಿರದಲ್ಲಿ ಫೋಟೋ ತೆಗೆದ ಮೇಲೆ, ಮುಂದಿನ ವಾರ ಅದೇ ಹುಡುಗರ ಹತ್ತಿರ ಮರಳಿ ಹೋಗುವ ಕಟ್ಟುಪಾಡು ಯಾರಿಗೂ ಇರುವುದಿಲ್ಲ ಎಂಬುದೂ ಕಣ್ಣಿಗೆ ಕಾಣುವ ಮಾತು.

ಹೊರಗಿನ ಅನುಮಾನವೂ ಇದೆ. 2021ರ ಅಕ್ಟೋಬರಿನಲ್ಲಿ ಹುಬ್ಬಳ್ಳಿಯ ಬೈರಿದೇವರಕೊಪ್ಪದ ಪ್ರಾರ್ಥನಾ ಮಂದಿರವೊಂದಕ್ಕೆ ನುಗ್ಗಿದ ಗುಂಪು ಮತಾಂತರದ ಆರೋಪ ಹೊರಿಸಿ ಅಲ್ಲೇ ಭಜನೆ ಹಾಡಿತು. 2022ರಲ್ಲಿ ರಾಜ್ಯ ತಂದ ಮತಾಂತರ ಕಾಯ್ದೆ ಉಚಿತ ಶಿಕ್ಷಣ, ಉದ್ಯೋಗಗಳನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಅದನ್ನು ಹಿಂದಕ್ಕೆ ಪಡೆಯಲು 2023ರ ಜೂನಿನಲ್ಲಿ ಹೊಸ ಸಚಿವ ಸಂಪುಟ ತೀರ್ಮಾನಿಸಿತು. ಹೀಗೆ ಕಾವು ಏರಿ ಇಳಿಯುವ ಊರಿನಲ್ಲಿ ಸಣ್ಣ ಸಭೆಗಳು ಸೇವೆಯ ಬ್ಯಾನರು ಕಟ್ಟಲು ಹಿಂದೆಮುಂದೆ ನೋಡುತ್ತವೆ. ಬ್ಯಾನರಿಲ್ಲದ ಸೇವೆ ಹಾಗೆಯೇ ನಡೆದಿದೆ. ಪಕ್ಕದ ಮನೆಯ ಮುದುಕಿಗೆ ಔಷಧಿ ತಂದುಕೊಡಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಇನ್ನು ಹಾಜರಿಯ ಪ್ರಶ್ನೆ. ಹುಬ್ಬಳ್ಳಿ ಪಾಳಿಯ ಮೇಲೆ ನಡೆಯುವ ಊರು. ನೈರುತ್ಯ ರೈಲ್ವೆಯ ಪ್ರಧಾನ ಕಚೇರಿ ಇಲ್ಲಿದೆ, ವಾಯವ್ಯ ಸಾರಿಗೆಯದೂ ಇಲ್ಲಿದೆ, ದೊಡ್ಡ ಸರಕಾರಿ ಆಸ್ಪತ್ರೆಯೂ ಇದೆ. ಚರ್ಚಿನ ಕುಟುಂಬಗಳಲ್ಲಿ ನರ್ಸುಗಳು, ಗಾರ್ಡುಗಳು, ಕಂಡಕ್ಟರುಗಳು ಸಾಕಷ್ಟಿದ್ದಾರೆ. ಐತ್ವಾರ ಬೆಳಿಗ್ಗೆ ಎಂಬ ಹೊತ್ತು ಕಚೇರಿ ನೌಕರದಾರರಿಗೆ ಸರಿಹೊಂದುತ್ತದೆ. ರಾತ್ರಿ ಪಾಳಿ ಮುಗಿಸಿದ ನರ್ಸು ಒಂಬತ್ತಕ್ಕೆ ಹಾಸಿಗೆ ಸೇರಿದರೆ ಚರ್ಚಿನ ಲೆಕ್ಕದಲ್ಲಿ ಅವಳು ಗೈರು, ವಾರ್ಡಿನ ಲೆಕ್ಕದಲ್ಲಿ ಮಾತ್ರ ಹಾಜರು. ಅವಳ ಮುಂದೆ ನಿಂತು ಆರಾಧನೆ-ಸೇವೆಗಳ ಸಮತೋಲನ ಬೋಧಿಸುವ ಧೈರ್ಯ ನನಗಂತೂ ಇಲ್ಲ. ಆದರೆ ಅವಳಿಗೂ ಯಾರಾದರೂ ಬೇಕು. ಇಡೀ ವಾರ ಬೇರೆಯವರ ನೋವು ಹೊತ್ತವಳು ತನ್ನ ನೋವು ಹೇಳಿಕೊಳ್ಳುವ ಜಾಗವೊಂದು ಬೇಡವೇ? ಸಭೆ ಅವಳನ್ನು ಗೈರುಹಾಜರಿಯ ಪಟ್ಟಿಯಿಂದ ಬರೀ ಮನ್ನಾ ಮಾಡಿದರೆ ಸಾಲದು.

2020ರ ಮಾರ್ಚಿನಲ್ಲಿ ಕೊರೊನಾ ಲಾಕ್‌ಡೌನ್ ಬಂದು ಎಲ್ಲರೂ ಒಮ್ಮೆಲೇ ಗೈರಾದರು. ಆ ವರ್ಷದ ಏಪ್ರಿಲ್ 12ರ ಈಸ್ಟರ್ ಫೋನಿನ ಪರದೆಯ ಮೇಲೆ ಕಳೆಯಿತು. ಜೂನ್ 8ರಿಂದ ಮತ್ತೆ ಬಾಗಿಲು ತೆರೆಯಲು ಅನುಮತಿ ಸಿಕ್ಕಿತು. ಆ ತಿಂಗಳುಗಳಲ್ಲಿ ಕಿರಾಣಿ ಕಿಟ್ಟು ಯಾರಿಗೆ ಮುಟ್ಟಬೇಕು ಎಂದು ಹೇಳಬಲ್ಲವರಾಗಿದ್ದು ಯಾರು? ಸಂಸ್ಥೆಗಳ ಕಡತಗಳಲ್ಲಿ ಆ ಮಾಹಿತಿ ಇರಲಿಲ್ಲ. ವರ್ಷಾನುಗಟ್ಟಲೆ ಒಂದೇ ಬೆಂಚಿನಲ್ಲಿ ಕೂತು, ಯಾರ ಮನೆಯಲ್ಲಿ ದಿನಗೂಲಿಯವರಿದ್ದಾರೆ, ಯಾರ ಮಗ ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡ ಎಂದು ತಿಳಿದಿದ್ದ ಹೆಂಗಸರ ಕೂಟದವರಿಗೆ ಅದು ಗೊತ್ತಿತ್ತು. ಕೀರ್ತನೆಯ ರಾಗ ತಪ್ಪಿದ್ದನ್ನು ಹಿಡಿಯುವ ಅದೇ ಕಿವಿ ಮನೆಯ ದನಿ ಕುಗ್ಗಿದ್ದನ್ನೂ ಹಿಡಿದಿತ್ತು.

ಬಾಗಿಲು ತೆರೆದ ಮೇಲೆ ಎಲ್ಲರೂ ಮರಳಲಿಲ್ಲ. ವಯಸ್ಸಾದವರಲ್ಲಿ ಕೆಲವರಿಗೆ ಪರದೆಯೇ ಅಭ್ಯಾಸವಾಯಿತು. ಅವರ ಮಕ್ಕಳಿಗೆ ಅದು ಅನುಕೂಲವೂ ಆಯಿತು. ಪರದೆಯಲ್ಲಿ ಪಾಳಕರ ಪ್ರಸಂಗ ಅಜ್ಜಿಗೆ ಕಾಣುತ್ತದೆ, ಅಜ್ಜಿ ಯಾರಿಗೂ ಕಾಣುವುದಿಲ್ಲ. ಈಗ ಅಲ್ಲಲ್ಲಿ ಸಭೆಗಳು ಐತ್ವಾರ ಸಂಜೆಗೆ ಎರಡನೇ ಆರಾಧನೆ ಇಡುವ ವಿಚಾರ ಮಾಡುತ್ತಿವೆ. ಹುಬ್ಬಳ್ಳಿಯಲ್ಲಿ ಇದು ಅಷ್ಟು ಸುಲಭವಲ್ಲ. ಸಂಜೆ ಆರರ ದುರ್ಗದಬೈಲು ದಾಟಿ ಘಂಟಿಕೇರಿ ಮುಟ್ಟುವುದೆಂದರೆ, ಗಾಡಿ ನಿಲ್ಲಿಸಲು ಜಾಗವಿಲ್ಲ, ಆಟೋದವರು ಒಳಗೆ ಬರಲು ಒಪ್ಪುವುದಿಲ್ಲ, ಮೊಣಕಾಲು ನೋವಿನವರು ಆ ಗದ್ದಲದಲ್ಲಿ ನಡೆಯಲಾರರು. ಹಗಲು ಪಾಳಿ ಮುಗಿಸಿದ ನರ್ಸಿಗೂ ಕಂಡಕ್ಟರಿಗೂ ಆ ಹೊತ್ತು ಒಗ್ಗುತ್ತದೆ. ಶಿಬಿರದಿಂದ ಮರಳಿದ ಮೊಮ್ಮಗನಿಗೂ ಒಗ್ಗುತ್ತದೆ. ಅವನ ಹತ್ತಿರ ಬೈಕಿದೆ, ಯಾವ ಓಣಿಯಿಂದ ನುಸುಳಿದರೆ ಬೇಗ ಮುಟ್ಟಬಹುದು ಎಂಬುದೂ ಗೊತ್ತಿದೆ. ಯಾವ ಹಿರಿಯರನ್ನು ಯಾರು, ಎಷ್ಟು ಗಂಟೆಗೆ, ಯಾವ ಓಣಿಯಿಂದ ಹತ್ತಿಸಿಕೊಂಡು ಬರಬೇಕು ಎಂದು ಬರೆಯಲು ಸಭೆಯ ವಹಿಯಲ್ಲಿ ಕಾರ್ಯದರ್ಶಿಯವರು ಒಂದು ಕಾಲಮ್ಮು ಹೆಚ್ಚಿಗೆ ಗೆರೆ ಎಳೆಯಬೇಕಾದೀತು.